ಅಳತೆ ಕೊಟ್ಟು ಮಾಡಿಸಿದ ಗಿಟಾರು

ನಮ್ಮ ಮನೆಯವರ ಜೊತೆ ಸಂಸಾರ ಮಾಡಿದವರಿಗೆ ಸ್ವರ್ಗದ ಬಾಗಿಲಲ್ಲಿ ಬೇರೆಯೇ ಒಂದು ಸಾಲು ಇರಬೇಕು, ನೂಕುನುಗ್ಗಲು ಇಲ್ಲದ್ದು. ಆ ಸಾಲಿನಲ್ಲಿ ನಾನೊಬ್ಬಳೇ ನಿಂತಿರುತ್ತೇನೆ. ಅವರು ಕೆಟ್ಟವರಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಬಹುದಿತ್ತು. ಒಳ್ಳೆಯವರು, ಅದೇ ತಾಪತ್ರಯ. ಒಳ್ಳೆಯತನಕ್ಕೆ ಹಟ ಸೇರಿಕೊಂಡರೆ ಪಕ್ಕದಲ್ಲಿರುವವರ ಗತಿ ಏನಾಗುತ್ತದೆ ಅಂತ ನನ್ನನ್ನು ಕೇಳಬೇಕು.

ಅವರು ದರ್ಜಿ. ಬೀದಿಯವರಿಗೆಲ್ಲ ಮಾಸ್ಟ್ರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಅಗಲವಾದ ಬಾಗಿಲು, ಎರಡು ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೂ ಬಟ್ಟೆ ತೂಗುಹಾಕುವ ಗೂಟಗಳು, ನಡುವೆ ಬಟ್ಟೆ ಕತ್ತರಿಸುವ ದಪ್ಪ ಹಲಗೆಯ ಮೇಜು. ಒಂದು ಮಿಷನ್ನಿನ ಮುಂದೆ ಅವರು, ಇನ್ನೊಂದರ ಪಕ್ಕದ ಸ್ಟೂಲಿನ ಮೇಲೆ ನಾನು. ಕಾಜ, ಗುಂಡಿ, ಹುಕ್ಕು, ಇಸ್ತ್ರಿ ನನ್ನ ಪಾಲಿನವು. ಮದುವೆಯಾದ ಹೊಸದರಲ್ಲಿ "ಒಂಚೂರು ಕೈ ಜೋಡಿಸು" ಅಂದರು. ಜೋಡಿಸಿದ ಕೈಯನ್ನು ಬಿಡಿಸಿಕೊಳ್ಳಲು ಇವತ್ತಿನವರೆಗೂ ಆಗಿಲ್ಲ.

ಅವರ ಬದುಕಿನ ಮೂಲಮಂತ್ರ ಒಂದೇ: "ಒಳಗೆ ಅರ್ಧ ಇಂಚು ಬಿಡು." ಬಟ್ಟೆಯ ಎರಡು ತುಂಡನ್ನು ಜೋಡಿಸುವಾಗ ಹೊಲಿಗೆಯ ಒಳಗೆ ಮಡಚಿಕೊಂಡು ಹೋಗುವುದಕ್ಕೆ ಒಂದಿಷ್ಟು ಹೆಚ್ಚು ಬಿಡಬೇಕು, ಅದಕ್ಕೆ ಮಾರ್ಜಿನ್ ಅನ್ನುತ್ತೇವೆ. ಬಟ್ಟೆಗೆ ಅದು ಸರಿ. ಇವರು ಲೋಕದ ಎಲ್ಲ ವಸ್ತುವಿಗೂ ಬಿಡುತ್ತಾರೆ. ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೇ ಹೋಗಿ ನಿಲ್ಲುವುದು, ಮೂವರಿಗೆ ಐದು ಜನರ ಚಹಾ ಇಡಿಸುವುದು, ಮಗಳು ಚಿಕ್ಕವಳಿದ್ದಾಗ ಒಂದಳತೆ ದೊಡ್ಡ ಬೂಟು ತಂದು ಮುಂದೆ ಹತ್ತಿ ತುಂಬುವುದು. "ಬೆಳೀತಾಳೆ ಬಿಡೇ" ಅನ್ನುತ್ತಿದ್ದರು. ಹುಡುಗಿ ಬೆಳೆದಳು, ಕಾಲು ಬೆಳೆಯಲಿಲ್ಲ. ಆ ಬೂಟುಗಳು ಇವತ್ತಿಗೂ ಮಂಚದ ಕೆಳಗೆ ಹೊಸದಾಗಿಯೇ ಕೂತಿವೆ.

ಬೀದಿಯ ಕೊನೆಯ ಶಾಲೆಯ ಸಮವಸ್ತ್ರವೆಲ್ಲ ನಮ್ಮಲ್ಲೇ ಹೊಲಿಯುತ್ತಿದ್ದುದು. ಅದೇ ನಮ್ಮ ಅನ್ನ. ಶಾಲೆಗೆ ಹೊಸ ಹೆಡ್‌ಮೇಷ್ಟರು ಯಾರೋ ಬಂದರು, ಸಮವಸ್ತ್ರ ಕಾರ್ಖಾನೆಯಿಂದ ಪೆಟ್ಟಿಗೆಗಟ್ಟಲೆ ಬರತೊಡಗಿತು. ಆಮೇಲೆ ನಮ್ಮಲ್ಲಿಗೆ ಬಂದಿದ್ದು ಬರೀ ರಿಪೇರಿ. ಎಲ್ಲೋ ಕೊಂಡ ಪ್ಯಾಂಟನ್ನು ತಂದು "ಮಾಸ್ಟ್ರೇ, ಕಾಲು ಒಂಚೂರು ಗಿಡ್ಡ ಮಾಡಿ" ಅನ್ನುವವರು. ಇವರು ಮಾಡಿಕೊಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಉಳಿದ ಹೊತ್ತಿನಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಬೀದಿ ನೋಡುತ್ತಾ ಕೂತಿರುವುದು. ನಾನು ಏನು ಕೂಗಾಡಿದರೂ ಒಂದೇ ಉತ್ತರ, "ಹೂಂ." ಜಗಳಕ್ಕೂ ಬಾರದ ಗಂಡನ ಜೊತೆ ಎಷ್ಟು ದಿನ ಅಂತ ಜಗಳವಾಡುವುದು? ನನಗಂತೂ ಬಾಯಿ ನೋವು ಬಂದಿತ್ತು.

ನಮಗಿರುವುದು ಒಬ್ಬಳೇ ಮಗಳು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾಳೆ, ಸಂಜೆ ಗಿಟಾರು ಬಾರಿಸುತ್ತಾಳೆ. ಕರೆಂಟಿನ ಗಿಟಾರು. ಮೂವರು ಹುಡುಗಿಯರು ಸೇರಿ ಒಂದು ತಂಡ ಕಟ್ಟಿಕೊಂಡಿದ್ದರು. ಡ್ರಮ್ಮು ಬಡಿಯುವವಳೇ ಅದರ ಯಜಮಾನಿ, ನಾನು ಅವಳಿಗೆ ಗುಡುಗಮ್ಮ ಅಂತ ಹೆಸರಿಟ್ಟಿದ್ದೆ. ಮಗಳು ಬಾರಿಸುತ್ತಿದ್ದುದು ಗುಡುಗಮ್ಮನ ಅಣ್ಣನ ಗಿಟಾರು. ಆ ಅಣ್ಣ ಬೇರೆ ಊರಿಗೆ ಹೋಗುವವನಿದ್ದ, ಗಿಟಾರನ್ನೂ ಹೊತ್ತುಕೊಂಡು ಹೋಗುವವನಿದ್ದ. ಅದೇ ಹೊತ್ತಿಗೆ ಈ ಹುಡುಗಿಯರಿಗೆ ಮೊದಲ ಸಲ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ ಸಿಕ್ಕಿತ್ತು. ಗುಡುಗಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳಂತೆ, "ಸ್ವಂತ ಗಿಟಾರು ತಂದ್ರೆ ನೀನೇ. ಇಲ್ಲಾಂದ್ರೆ ಗಿಟಾರಿರೋ ಇನ್ನೊಬ್ಬಳು ಕಾಯ್ತಿದಾಳೆ. ಬೇಜಾರ್ ಮಾಡ್ಕೋಬೇಡ ಮಾರಾಯ್ತಿ."

ಮಗಳಿಗೆ ಆ ವೇದಿಕೆಯದ್ದೇ ಧ್ಯಾನ. ನಿದ್ದೆಯಲ್ಲೂ ಬೆರಳು ಆಡಿಸುತ್ತಿದ್ದಳು. ನಾನು ಸುಮ್ಮನಿರುವವಳಲ್ಲ, ಸಂಗೀತದ ಸಾಮಾನಿನ ಅಂಗಡಿಗೆ ಹೋಗಿ ಯಾರೋ ಬಾರಿಸಿ ಬಿಟ್ಟಿದ್ದ ಒಂದು ಕೆಂಪು ಗಿಟಾರನ್ನು ನೋಡಿಟ್ಟು ಬಂದೆ. ಊಟಕ್ಕೆ ಕೂತಾಗ ಹೇಳಿದೆ. "ನಾಳೆ ಹೋಗಿ ತಗೊಂಬಾ, ಮುಗೀತು ಕಥೆ." ಮಗಳು ನನ್ನ ಕಡೆ ನೋಡಲಿಲ್ಲ. ಅಪ್ಪನ ಕಡೆ ನೋಡಿ, "ಅಪ್ಪ, ನೀವೇ ಒಂದು ಮಾಡಿಕೊಡ್ತೀರಾ?" ಅಂದಳು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಅಪ್ಪ ಮಾಡೋದು ಶರ್ಟು ಕಣೇ. ಗಿಟಾರಿಗೆ ತೋಳಿರುತ್ತಾ?"

ಇವರು ತಲೆ ಎತ್ತಿದರು. ಎಷ್ಟೋ ದಿನಕ್ಕೆ ಮೊದಲ ಸಲ ಮುಖದಲ್ಲಿ ರಕ್ತ ಬಂದ ಹಾಗೆ ಕಂಡಿತು. "ರೆಡಿಮೇಡು ಯಾರ ಮೈಗೂ ಸರಿಯಾಗಿ ಕೂರಲ್ಲ. ಎದ್ದು ನಿಲ್ಲು ಪುಟ್ಟಿ, ಅಳತೆ ತಗೋತೀನಿ."

ಊಟದ ಮಧ್ಯೆ ಎದ್ದು, ಕೈ ತೊಳೆದು, ಟೇಪು ಹಿಡಿದು ಅಳತೆಗೆ ನಿಂತೇಬಿಟ್ಟರು. ಭುಜ, ತೋಳು, ಮೊಣಕೈ, ಸೊಂಟ. ನಾನು ಹೊಟ್ಟೆ ಉರಿಯಿಂದ ಕೇಳಿದೆ, "ಗಿಟಾರಿಗೆ ಎದೆ ಸುತ್ತಳತೆ ಯಾಕ್ರೀ?"

"ಹಿಂದೆ ಹಳ್ಳ ತೆಗೀಬೇಕಲ್ವೇನೇ, ಮೈಗೆ ಒರಗೋಕೆ. ಉಸಿರು ಬಿಡು ಪುಟ್ಟಿ, ಆರಾಮಾಗಿ ನಿಲ್ಲು."

ಗಿಟಾರಿನ ಕುತ್ತಿಗೆಯನ್ನು ಮಾತ್ರ ಅಂಗಡಿಯಿಂದ ತಯಾರಾದದ್ದನ್ನೇ ತಂದರು. ಅದರ ಮೇಲೆ ಅಡ್ಡಡ್ಡವಾಗಿ ಸಣ್ಣ ಲೋಹದ ಪಟ್ಟಿಗಳಿರುತ್ತವೆ. ಪಟ್ಟಿಯ ಹಿಂದೆ ತಂತಿಯನ್ನು ಒತ್ತಿ ಹಿಡಿದರೆ ಸ್ವರ ಹುಟ್ಟುತ್ತದೆ, ಆ ಪಟ್ಟಿ ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಕೆಡುತ್ತದಂತೆ. "ರೆಡಿಮೇಡು ಬೇಡ ಅಂದ್ರಲ್ಲ?" ಅಂತ ಚುಚ್ಚಿದೆ. "ಕಾಲರಿನ ಒಳಗಿಡೋ ಗಟ್ಟಿ ಕ್ಯಾನ್ವಾಸ್ ನಾವೇ ನೇಯ್ತೀವೇನೇ?" ಅಂದರು. ಮಾತಿಗೆ ಮಾತು ಬರತೊಡಗಿತ್ತು, ಅಷ್ಟರಮಟ್ಟಿಗೆ ನನಗೂ ಸಮಾಧಾನವೇ.

ಗುಡುಗಮ್ಮನ ಅಣ್ಣ ಊರು ಬಿಡುವ ಮೊದಲು ಅವನ ಗಿಟಾರನ್ನು ಖಾಕಿ ಕಾಗದದ ಮೇಲೆ ಮಲಗಿಸಿ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದುಕೊಂಡರು. ಕೋಟಿನ ನಕ್ಷೆ ಮಾಡುವ ಹಾಗೆ ಕಾಗದವನ್ನು ಎರಡು ತುಂಡು ಮಾಡಿದರು, ಕುತ್ತಿಗೆ ಒಂದು, ಮೈ ಒಂದು. ಅದನ್ನು ಎರಡು ಬೆರಳಲ್ಲಿ ಎತ್ತಿಹಿಡಿದು ಬೀದಿಯವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ತರಕಾರಿಯವಳು ಕೂಡ ಗಾಡಿ ನಿಲ್ಲಿಸಿ ನೋಡಿ, "ಯಾರಿಗೆ ಮಾಸ್ಟ್ರೇ ಈ ಕೋಟು, ಡೊಳ್ಳುಹೊಟ್ಟೆಯವರಿಗಾ?" ಅಂತ ಕೇಳಿ ಹೋದಳು.

ಇನ್ನು ಮರ. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಗರಗಸದ ಸದ್ದು. ಒಳಗೆ ಬಂದು ನೋಡಿದರೆ ಬಟ್ಟೆ ಕತ್ತರಿಸುವ ಮೇಜಿನ ಅರ್ಧ ಮೇಲ್ಹಲಗೆಯೇ ಇಲ್ಲ! ಉಳಿದರ್ಧ ಬೊಕ್ಕಬಾಯಿ ಮಾಡಿಕೊಂಡು ನಿಂತಿದೆ. ಇವರು ನೆಲದ ಮೇಲೆ ಕೂತು, ಕಿತ್ತ ಹಲಗೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿದು ಕೊಯ್ಯುತ್ತಿದ್ದಾರೆ.

"ಅಯ್ಯೋ ಅಯ್ಯೋ! ಇದೇನ್ರೀ ಇದು! ಕೂತ ಕೊಂಬೇನೇ ಕಡೀತಾ ಇದ್ದೀರಲ್ರೀ!"

"ಇಷ್ಟು ಒಣಗಿದ ಮರ ಎಲ್ಲಿ ಸಿಗುತ್ತೆ ಹೇಳು. ನಮ್ಮಪ್ಪನ ಕಾಲದ್ದು."

"ನಾಳೆ ಯಾರಾದ್ರೂ ಕೋಟು ಹೊಲಿಸೋಕೆ ಬಂದ್ರೆ? ಎಲ್ಲಿ ಕತ್ತರಿಸ್ತೀರಾ, ನನ್ನ ಬೆನ್ನ ಮೇಲಾ?"

"ಯಾರು ಬರ್ತಾರೆ?" ಅಂದರು, ಗರಗಸ ನಿಲ್ಲಿಸದೆ. ನಾನು ಇನ್ನಷ್ಟು ಜೋರಾಗಿ ಬೈದೆ.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಗುಂಡಿಯ ಡಬ್ಬಿಯಲ್ಲಿ ಮರದ ಪುಡಿ, ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಮರದ ಪುಡಿ, ಸಾರಿನಲ್ಲೂ ಮರದ ಪುಡಿ. ಇಸ್ತ್ರಿಯನ್ನು ಮಂಚದ ಮೇಲೆ ಮಾಡುವ ಹಾಗಾಯಿತು, ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ವಾರ್ನಿಷ್ ಬಳಿದ ಗಿಟಾರಿನ ಮೈಯನ್ನು ಬಟ್ಟೆಯ ಗೂಟಕ್ಕೇ ನೇತುಹಾಕಿದರು, ಪಕ್ಕದಲ್ಲಿ ಒಬ್ಬ ವಕೀಲರ ಕರಿ ಕೋಟು. ಗಾಳಿ ಬೀಸಿತು, ಕೋಟು ಹೋಗಿ ಗಿಟಾರನ್ನು ತಬ್ಬಿಕೊಂಡಿತು. ಬಿಡಿಸಿದಾಗ ಕೋಟಿನ ನೂಲು ಗಿಟಾರಿಗೆ, ಗಿಟಾರಿನ ವಾರ್ನಿಷ್ ಕೋಟಿಗೆ. ವಕೀಲರು ಬಂದಾಗ ಇವರು ಹಿಂದಿನ ಬಾಗಿಲಿನಿಂದ ಮಾಯ, ಸುಳ್ಳು ಹೇಳುವ ಭಾಗ್ಯ ನನ್ನದು. ಅವರ ಕೋಟಿನ ಒಳಪದರ ಪೂರ್ತಿ ಬದಲಾಯಿಸಿ, ಕಲೆಯ ಜಾಗಕ್ಕೆ ಒಂದು ಜೇಬು ಕೂರಿಸಿ ಕೊಟ್ಟಾಗ ಆ ಪುಣ್ಯಾತ್ಮರು "ಈ ಜೇಬು ಮೊದಲು ಇತ್ತಾ?" ಅಂತ ಕೇಳಿದರು. "ಇತ್ತಲ್ಲ ಸಾರ್, ನೀವೇ ನೋಡಿಕೊಂಡಿರ್ಲಿಲ್ಲ" ಅಂದೆ.

ಒಳಗಿನ ಕರೆಂಟಿನ ತಂತಿ ಜೋಡಿಸುವ ಕೆಲಸಕ್ಕೆ ಎದುರು ಮನೆಯ ರೇಡಿಯೋ ರಿಪೇರಿಯವರು ಬಂದರು. ಇವರೇ ಮೊದಲು ಜೋಡಿಸಿ ಪ್ಲಗ್ ಹಾಕಿ ನೋಡಿದ್ದರು, ಗುಂಯ್ ಅಂತ ಮನೆತುಂಬ ಜೇನುಗೂಡು ಎದ್ದ ಹಾಗೆ ಸದ್ದು. ರೇಡಿಯೋದವರು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ಮಾಸ್ಟ್ರೇ, ಇಲ್ಲಿಂದ ಒಂದು ತಂತಿ ಬ್ರಿಜ್ಜಿಗೆ ಹೋಗ್ಬೇಕು, ನೀವು ಹಾಕೇ ಇಲ್ಲ" ಅಂದರು. ಬ್ರಿಜ್ಜು ಅಂದರೆ ಮೈಯ ಮೇಲೆ ಕೂರಿಸುವ ಲೋಹದ ತುಂಡು, ಗಿಟಾರಿನ ತಂತಿಗಳ ಕೆಳತುದಿ ಅದರ ಮೇಲೆ ಒರಗುತ್ತದೆ.

"ಹೊರಗೆ ಕಾಣೋದೇ ಇಲ್ವಲ್ಲ, ಅದ್ಯಾಕೆ ಬೇಕು?" ಅಂದರು ನಮ್ಮವರು.

"ನಿಮ್ಮ ಕೋಟಿನ ಲೈನಿಂಗ್ ಹೊರಗೆ ಕಾಣುತ್ತಾ?" ಅಂದರು ರೇಡಿಯೋದವರು. ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಈ ಮನುಷ್ಯನ ಬಾಯಿ ಮುಚ್ಚಿಸುವವರು ನನ್ನ ಹೊರತು ಇನ್ನೊಬ್ಬರಿದ್ದರಲ್ಲ.

ಅಂತೂ ಇಂತೂ ಗಿಟಾರಾಯಿತು. ಚಹಾದ ಬಣ್ಣದ ಮೈ, ಅಂಚೆಲ್ಲ ನುಣುಪು. ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು. ಮಗಳು ಕೆಲಸದಿಂದ ಬಂದವಳೇ ಕೊರಳಿಗೆ ಹಾಕಿಕೊಂಡು, ಗಿಟಾರಿನ ಕಿವಿ ಹಿಂಡಿ ಶ್ರುತಿ ಮಾಡಿ, ಎಲ್ಲೂ ಬೆರಳಿಡದೆ ಆರೂ ತಂತಿಗಳನ್ನು ಒಮ್ಮೆಲೇ ಮೀಟಿದಳು. ಕೋಣೆ ತುಂಬಿತು. ಬೀದಿಯಲ್ಲಿ ನಿಂತಿದ್ದವರು ಚಪ್ಪಾಳೆ ಹೊಡೆದರು. ಇವರು ಮಿಷನ್ನಿನ ಮೇಲೆ ಕೈಯಿಟ್ಟು ನಿಂತಿದ್ದರು, ಕಣ್ಣು ಒದ್ದೆಯಾಗಿತ್ತು. ಮಗಳು ಕುತ್ತಿಗೆಯ ಮೇಲೆ ಬೆರಳು ಓಡಿಸಿ ಏನೋ ಬಾರಿಸಿದಳು, ನಿಲ್ಲಿಸಿದಳು, ಇನ್ನೊಮ್ಮೆ ಬಾರಿಸಿದಳು.

"ಹೇಗಿದೆ ಪುಟ್ಟಿ?"

"ತುಂಬಾ ಚೆನ್ನಾಗಿದೆ ಅಪ್ಪ."

ಅವತ್ತಿನಿಂದ ಹುಡುಗಿ ಹಿಂದಿನ ಕೋಣೆ ಸೇರಿದಳು. ಬಾಗಿಲು ಹಾಕಿಕೊಂಡು, ಸದ್ದು ಸಣ್ಣದು ಮಾಡಿಕೊಂಡು ಅಭ್ಯಾಸ. ನನಗೆ ಸಂಗೀತ ಗೊತ್ತಿಲ್ಲ, ಆದರೆ ಕಿವಿ ಇದೆ. ಎರಡು ಸ್ವರ ಚೆಂದಾಗಿ ಬಂದರೆ ಮೂರನೆಯದು ಹಾಲಿಗೆ ಹುಳಿ ಹಿಂಡಿದ ಹಾಗೆ. ಇವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಹೊರಗೆ ಕೂತು ತಲೆಯಾಡಿಸುತ್ತಿದ್ದರು, ಬಂದ ಗಿರಾಕಿಗಳಿಗೆಲ್ಲ "ನಾನೇ ಮಾಡಿದ್ದು, ಅವಳ ಅಳತೆಗೆ" ಅನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಅದು ಸುಮ್ಮನೆ ಹುಲ್ಲಾದರೂ ತಿನ್ನುತ್ತದೆ, ಇಲ್ಲಿ ಕೋಣವೇ ಕಿನ್ನರಿ ಮಾಡಿ ಕೂತಿತ್ತು.

ಕಾರ್ಯಕ್ರಮ ಶನಿವಾರ. ಬುಧವಾರ ಮಧ್ಯಾಹ್ನ ಗುಡುಗಮ್ಮ ಬಂದಳು. ಇವರು ಝಿಪ್ಪು ತರಲು ಪೇಟೆಗೆ ಹೋಗಿದ್ದರು, ಮಗಳು ಕೆಲಸಕ್ಕೆ. ಬಾಗಿಲಲ್ಲೇ ನಿಂತು, "ಆಂಟಿ, ನನ್ನ ಕೇಬಲ್ ಅವಳ ಹತ್ರ ಉಳ್ಕೊಂಡಿದೆ, ಇಸ್ಕೊಂಡು ಹೋಗೋಣ ಅಂತ" ಅಂದಳು.

"ಶನಿವಾರ ಅವಳಿಗೆ ಬೇಡ್ವೇನಮ್ಮಾ?"

ಅವಳು ನನ್ನ ಮುಖ ನೋಡಿದಳು. "ಅವಳು ನಿಮಗೆ ಹೇಳಿಲ್ವಾ? ಅವಳು ತಂಡಾನೇ ಬಿಟ್ಟುಬಿಟ್ಲಲ್ಲ ಆಂಟಿ. ಆ ಗಿಟಾರು ಶ್ರುತಿಗೇ ಬರಲ್ಲ. ಮೇಲೆ ಮೇಲೆ ಬಾರಿಸಿದಷ್ಟೂ ಸ್ವರ ಕೆಳಗೇ ನಿಲ್ಲುತ್ತೆ. ಅವಳು ಪ್ರತಿ ತಂತೀನೂ ಎಳೆದೆಳೆದು ಸರಿ ಮಾಡ್ಕೊಂಡು ಬಾರಿಸ್ತಿದ್ಲು. ಅವಳ ಬೆರಳು ನೋಡಿದೀರಾ? ಬೇರೆ ಗಿಟಾರು ತಗೋ ಅಂದೆ, ಅದೊಂದು ಮಾತ್ರ ಬೇಡ ಅಂದ್ಲು. ಆ ಇನ್ನೊಬ್ಬ ಹುಡುಗೀನ ಕರ್ಸಿದ್ದೀನಿ. ನಾನೇನ್ ಮಾಡ್ಲಿ ಹೇಳಿ."

ಸಂಜೆ ಮಗಳು ಬಂದವಳನ್ನು ಚಪ್ಪಲಿ ಬಿಡುವುದಕ್ಕೂ ಬಿಡದೆ ಅಡುಗೆಮನೆಗೆ ಎಳೆದುಕೊಂಡು ಹೋಗಿ, ಎಡಗೈ ಹಿಡಿದು ತಿರುಗಿಸಿದೆ. ನಾಲ್ಕೂ ಬೆರಳ ತುದಿ ಸೀಳಿತ್ತು, ಒಂದಕ್ಕೆ ಪಟ್ಟಿ ಸುತ್ತಿದ್ದಳು. ಹೆದರಿದಾಗ ನನಗೆ ಬರುವುದು ಕೋಪವೇ.

"ಬಾಯಲ್ಲಿ ಏನು ಕಡುಬು ಇತ್ತೇನೇ ನಿನಗೆ? ಒಂದು ಮಾತು ಹೇಳೋಕಾಗ್ಲಿಲ್ವಾ?"

"ಮೆಲ್ಲಗೆ ಮಾತಾಡಮ್ಮ, ಅಪ್ಪ ಹೊರಗಿದ್ದಾರೆ. ಹೇಳ್ಬೇಡ. ನನ್ನಾಣೆ. ಎಷ್ಟು ಖುಷಿಯಾಗಿದ್ದಾರೆ ನೋಡು."

"ಅವರ ಖುಷಿಗೆ ನೀನು ಬೆರಳು ಕೊಯ್ಕೋತೀಯಾ? ಆ ವೇದಿಕೆಗೋಸ್ಕರ ವರ್ಷಗಟ್ಲೆ ಕುಣಿದವಳು ನೀನೇ ತಾನೇ?"

ಅವಳು ಗೋಡೆ ಕಡೆ ಮುಖ ಮಾಡಿ ನಿಂತಳು. ಎಲ್ಲಿ ತಪ್ಪಿದೆ ಅಂತ ಗದರಿಸಿ ಗದರಿಸಿ ಕೇಳಿದ ಮೇಲೆ ಒಂದೊಂದೇ ಮಾತು ಬಂತು. ಕುತ್ತಿಗೆಯ ಮೇಲ್ತುದಿಯಿಂದ ಹನ್ನೆರಡನೆಯ ಪಟ್ಟಿಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಜ್ಜಿಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕಂತೆ. ಬ್ರಿಜ್ಜಿನಲ್ಲಿ ಹಿಂದೆ ಮುಂದೆ ಮಾಡಲು ಸಣ್ಣ ಸ್ಕ್ರೂಗಳಿರುತ್ತವಂತೆ, ಅವನ್ನು ಪೂರ್ತಿ ತಿರುಗಿಸಿದರೂ ಸಾಲಲಿಲ್ಲವಂತೆ.

ನನ್ನ ಕೊರಳಲ್ಲೂ ಟೇಪಿರುತ್ತದಲ್ಲ. ಹಿಂದಿನ ಕೋಣೆಗೆ ಹೋಗಿ ಮಂಚದ ಮೇಲೆ ಗಿಟಾರು ಮಲಗಿಸಿ ಅಳೆದೆ. ಮೇಲಿನ ಅರ್ಧ, ಕೆಳಗಿನ ಅರ್ಧ. ಕೆಳಗಿನದು ಹೆಚ್ಚಿತ್ತು. ಎಷ್ಟು ಹೆಚ್ಚು ಅಂತ ನೋಡಿದವಳೇ ಹಣೆ ಚಚ್ಚಿಕೊಂಡೆ. ಅರ್ಧ ಇಂಚು! ಕುತ್ತಿಗೆ ಒಂದು ತುಂಡು, ಮೈ ಒಂದು ತುಂಡು. ಎರಡು ತುಂಡು ಸೇರುವಲ್ಲಿ ಮಹಾರಾಯರು ಮಾರ್ಜಿನ್ ಬಿಟ್ಟಿದ್ದಾರೆ! ಲೋಕದಲ್ಲಿ ಎಷ್ಟೋ ಜನ ಗಿಟಾರು ಮಾಡಿ ಕೆಡಿಸಿರಬಹುದು. ಹೀಗೆ ಕೆಡಿಸುವುದಕ್ಕೆ ದರ್ಜಿಯೇ ಬೇಕು, ಅದರಲ್ಲೂ ನನ್ನ ಗಂಡನೇ ಬೇಕು.

ಮಗಳು ಆಣೆ ಹಾಕಿದ್ದಳು. ಆ ಆಣೆಯ ಹೊರೆ ನನ್ನ ತಲೆಯ ಮೇಲಿರಲಿ ಅಂದುಕೊಂಡು ಗಿಟಾರು ಎತ್ತಿಕೊಂಡು ಮುಂದಿನ ಕೋಣೆಗೆ ಹೋದೆ. ಇವರು ಝಿಪ್ಪು ಕೂರಿಸುತ್ತಿದ್ದರು.

"ರೀ, ಇದಕ್ಕೂ ಮಾರ್ಜಿನ್ ಬಿಟ್ಟಿದ್ದೀರಾ?"

"ಬಿಡದೆ ಜೋಡಿಸೋಕಾಗುತ್ತೇನೇ?" ಅಂದರು ತಲೆ ಎತ್ತದೆ. "ನಕ್ಷೆಯಲ್ಲೇ ಬಿಟ್ಟುಕೊಂಡಿದ್ದೆ."

"ಬಟ್ಟೆಯಾದ್ರೆ ಅದು ಹೊಲಿಗೆಯೊಳಗೆ ಮಡಚಿ ಹೋಗುತ್ತೆ. ಮರ ಎಲ್ಲಿಗೆ ಮಡಚಿಕೊಂಡು ಹೋಗುತ್ತೆ, ನಿಮ್ಮ ತಲೆಗೆ?"

ಮಿಷನ್ನಿನ ಚಕ್ರ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಅವರು ಎದ್ದು ಬಂದು, ನನ್ನ ಟೇಪಲ್ಲ, ತಮ್ಮದೇ ಟೇಪು ಹಿಡಿದು ಅಳೆದರು. ಇನ್ನೊಮ್ಮೆ ಅಳೆದರು. ನಾನು ವಾದಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ, ಮರ ಹಿಗ್ಗಿದೆ ಅನ್ನಬಹುದು, ಟೇಪು ಸರಿಯಿಲ್ಲ ಅನ್ನಬಹುದು. ಅವರು ಕೇಳಿದ್ದು ಒಂದೇ.

"ಅವಳಿಗೆ ಗೊತ್ತಿತ್ತಾ?"

"ಮೊದಲನೇ ದಿನದಿಂದ."

"ಚೆನ್ನಾಗಿದೆ ಅಂದ್ಲಲ್ಲೇ."

"ಅಂದ್ಲು."

ಅವರು ಸ್ಟೂಲಿನ ಮೇಲೆ ಕೂತರು. "ಗಿರಾಕಿಗಳು ಮಾಡ್ತಾರೆ ಹಾಗೆ. ಎದುರಿಗೆ ಚೆನ್ನಾಗಿದೆ ಮಾಸ್ಟ್ರೇ ಅಂತಾರೆ, ಆಮೇಲೆ ಬೇರೆ ಕಡೆ ಹೋಗ್ತಾರೆ. ಮತ್ತೆ ಬರೋದೇ ಇಲ್ಲ. ಅವರು ಯಾಕೆ ಬರಲ್ಲ ಅಂತ ನನಗೆ ಒಬ್ಬರೂ ಹೇಳಿಲ್ಲ ನೋಡು ಇವತ್ತಿನವರೆಗೆ." ಟೇಪನ್ನು ಕೈಗೆ ಸುತ್ತಿಕೊಳ್ಳುತ್ತಾ, "ಮಗಳೂ ಹಾಗೇ ಮಾಡಿದ್ಲಾ?" ಅಂದರು. ನಾನು ಗಿಟಾರನ್ನು ಅವರ ಕಣ್ಣೆದುರಿಂದ ಎತ್ತಿ ಬದಿಗಿಟ್ಟೆ.

ಮರುದಿನ ಬೆಳಗ್ಗೆಯೇ ಬ್ರಿಜ್ಜು ಬಿಚ್ಚಿದರು. ರೇಡಿಯೋದವರನ್ನು ಕರೆದು ಅದರ ಕರೆಂಟಿನ ತಂತಿ ಬಿಡಿಸಿದರು. ಹಳೆಯ ಸ್ಕ್ರೂ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಅಂಟು ಹಾಕಿದರು. ಈ ಸಲ ಸೀಮೆಸುಣ್ಣ ಬಿಟ್ಟು ಚೂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಗೆರೆಯ ಮೇಲೆಯೇ ತೂತು ಕೊರೆದು, ಬ್ರಿಜ್ಜನ್ನು ಮುಂದಕ್ಕೆ ತಂದು ಕೂರಿಸಿದರು. ಹಿಂದೆ ಹಳೆಯ ತೂತಿನ ಗುರುತು ಎದ್ದು ಕಾಣುತ್ತಿತ್ತು. "ಅದಕ್ಕೆ ಏನಾದ್ರೂ ಬಳೀರಿ" ಅಂದೆ. "ಇರ್ಲಿ ಬಿಡು" ಅಂದರು. ಗಾಳಿಗೂ ತೋರಿಸದೆ ಹೊಲಿಗೆಯ ತಪ್ಪು ಮುಚ್ಚುವ ಮನುಷ್ಯ!

ನಾನು ಗುಡುಗಮ್ಮನಿಗೆ ಫೋನ್ ಮಾಡಿ ಬೇಡಿಕೊಂಡೆ, ಹೌದು, ಬೇಡಿಕೊಂಡೆ. "ಸರಿಯಾಗಿದೆ ಕಣಮ್ಮಾ ಈಗ. ಅವಳನ್ನೇ ಕರ್ಕೋ."

"ಆಂಟಿ, ಆ ಹುಡುಗಿ ರಜೆ ಹಾಕಿ ಎಲ್ಲಾ ಹಾಡೂ ಕಲ್ತಿದಾಳೆ. ಅವಳ ಅಪ್ಪ ಅಮ್ಮನೂ ಬರ್ತಿದಾರೆ. ಈಗ ಹೇಗೆ ಬೇಡ ಅನ್ಲಿ? ನೀವಾದ್ರೆ ಅಂತೀರಾ?"

ಊರಿಗೆಲ್ಲ ಉತ್ತರ ಕೊಡುವ ನಾನು ಫೋನ್ ಇಟ್ಟೆ. ಆ ಹುಡುಗಿಯ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ, ಅದೇ ಇನ್ನೂ ಸಿಟ್ಟು ಬರಿಸಿತು.

ಶನಿವಾರ ಸಂಜೆ ಮಗಳು ಕಾರ್ಯಕ್ರಮ ನೋಡಲೂ ಹೋಗಲಿಲ್ಲ. "ತಲೆನೋವು" ಅಂದಳು. ಮುಂದಿನ ಕೋಣೆಯಲ್ಲಿ ಇವರು ರೇಡಿಯೋದವರು ಮಾಡಿಕೊಟ್ಟ ಕೇಬಲ್ಲಿನಿಂದ ಸ್ಪೀಕರ್ ಪೆಟ್ಟಿಗೆಗೆ ಪ್ಲಗ್ ಹಾಕಿ, ಅರ್ಧ ಮೇಜಿನ ಮೇಲಿಂದ ಗಿಟಾರು ಎತ್ತಿ ಅವಳ ಕೊರಳಿಗೆ ತಾವೇ ಹಾಕಿದರು. "ಬಾರಿಸು." ಅವಳು ಮೇಲೆ, ಇನ್ನೂ ಮೇಲೆ, ಕುತ್ತಿಗೆಯ ಬುಡದವರೆಗೂ ಬೆರಳು ತಂದು ಬಾರಿಸಿದಳು. ಎಲ್ಲಿಯೂ ಹುಳಿಯಿಲ್ಲ. ನನಗೇ ಗೊತ್ತಾಯಿತು.

"ಚೆನ್ನಾ..." ಅಂದಳು.

"ಆ ಮಾತು ಬೇಡ," ಅಂದರು ಇವರು. ಕೈಯಲ್ಲಿ ಸೀಮೆಸುಣ್ಣವಿತ್ತು. "ಎಲ್ಲಿ ಹಿಡಿಯುತ್ತೆ, ಎಲ್ಲಿ ಒತ್ತುತ್ತೆ, ಅದನ್ನ ಹೇಳು. ಮುಖ ನೋಡಬೇಡ ನಂದು, ಹೇಳು."

ಅವಳು ನೆಲ ನೋಡುತ್ತಾ, "ಭಾರ," ಅಂದಳು. "ಎಡಭುಜ ಬಿದ್ದು ಹೋಗುತ್ತೆ." ಇವರು ಮೈಯ ಹಿಂಬದಿಗೆ, ಕೆತ್ತಿ ತೆಗೆಯಬೇಕಾದಲ್ಲಿ ಒಂದು ಗೀಟು ಹಾಕಿದರು. "ಮತ್ತೆ?"

"ಈ ಅಂಚು ಮೊಣಕೈಗೆ ಒತ್ತುತ್ತೆ." ಗೀಟು. "ಮತ್ತೆ?"

"ಕೈ ಬಿಟ್ರೆ ಕುತ್ತಿಗೆ ಕೆಳಗೆ ಜಾರುತ್ತೆ." ಗೀಟು. "ಮತ್ತೆ?"

"ಮತ್ತೆ ಏನಪ್ಪಾ ಮತ್ತೆ!" ಅವಳು ಕಿರುಚಿದಳು. ಅಪ್ಪನೆದುರು ನಮ್ಮ ಹುಡುಗಿ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. "ಈಗ ನಾನು ಅಲ್ಲಿರ್ಬೇಕಿತ್ತು! ಆ ಕೆಂಪು ಗಿಟಾರು ತಗೊಂಡಿದ್ರೆ ಈ ಹೊತ್ತಿಗೆ ಅಲ್ಲಿರ್ತಿದ್ದೆ. ನನಗೆ ನಿಮ್ಮ ಗಿಟಾರು ಬೇಕಿರ್ಲೇ ಇಲ್ಲ ಅಪ್ಪ. ನೀವು ದಿನಾ ಬೀದಿ ನೋಡ್ಕೊಂಡು ಕೂತಿರೋದು ನೋಡೋಕಾಗ್ದೆ ಕೇಳಿದ್ದು. ನಿಮಗೆ ಒಂದು ಕೆಲಸ ಇರ್ಲಿ ಅಂತ ಕೇಳಿದ್ದು!"

ಇವರು ಸೀಮೆಸುಣ್ಣ ಹಿಡಿದ ಕೈಯನ್ನು ಅರ್ಧಕ್ಕೆ ಎತ್ತಿದ್ದರು. ಅದನ್ನು ಎಲ್ಲಿ ಗುರುತು ಹಾಕುವುದು ಅಂತ ತಿಳಿಯದ ಹಾಗೆ ಗಿಟಾರು ನೋಡಿದರು, ಅವಳನ್ನು ನೋಡಿದರು. "ಅದು ನನ್ನ ಕೈಲಿ ಸರಿ ಮಾಡೋಕಾಗಲ್ಲ ಪುಟ್ಟಿ," ಅಂದರು.

ನನಗೆ ಇಬ್ಬರ ಮೇಲೂ ಎಷ್ಟು ಕೋಪ ಬಂತೆಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಒಬ್ಬಳು ಅಪ್ಪನಿಗೋಸ್ಕರ ಸುಳ್ಳು ಹೇಳಿದಳು, ಒಬ್ಬರು ಮಗಳಿಗೋಸ್ಕರ ಅನ್ನದ ಮೇಜು ಕೊಯ್ದರು, ಕೊನೆಗೆ ವೇದಿಕೆಯ ಮೇಲೆ ನಿಂತವಳು ಯಾರದೋ ಮಗಳು.

ಮಗಳು ಕಣ್ಣೊರೆಸಿಕೊಂಡಳು. ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಆ ಸಂಜೆ ಅಲ್ಲಿ ಬಾರಿಸಬೇಕಿದ್ದ ಹಾಡುಗಳನ್ನು ಮೊದಲನೆಯದರಿಂದ ಶುರುಮಾಡಿದಳು. ಡ್ರಮ್ಮಿಲ್ಲ, ಜೊತೆಗಾರರಿಲ್ಲ, ಗೋಡೆಯ ಕತ್ತರಿಗಳು ಅದುರುತ್ತಿದ್ದವು. ಬೀದಿಯವರು ಬಾಗಿಲಿಗೆ ಬಂದು ನಿಂತರು. ಅಷ್ಟು ಸಿಟ್ಟಿನಿಂದ ಅಷ್ಟು ಚೆಂದ ಅವಳು ಯಾವತ್ತೂ ಬಾರಿಸಿರಲಿಲ್ಲ. ಒಮ್ಮೆಯೂ ಅಪ್ಪನ ಮುಖ ನೋಡಲಿಲ್ಲ. ನಾನು ಸ್ಟೂಲು ತಂದು ಇವರ ಹಿಂದೆ ಇಟ್ಟೆ. ಇವರು ಕೂರಲಿಲ್ಲ. ಕೊನೆಯ ಹಾಡು ಮುಗಿಯುವವರೆಗೂ ಅವಳೆದುರು ನಿಂತೇ ಇದ್ದರು.